ದ್ವಾರಕೆಯ ನೀರಿನಡಿ: ಕಲ್ಲು ಸಿಕ್ಕರೆ ಊರು ಸಿಕ್ಕ ಹಾಗಲ್ಲ

"ಕೃಷ್ಣನ ದ್ವಾರಕೆ ಸಿಕ್ಕೇಬಿಟ್ಟಿತು" ಅಂತ ಆಗಾಗ ಒಂದು ವಿಡಿಯೊ ವಾಟ್ಸಾಪ್‌ನಲ್ಲಿ ಸುತ್ತುತ್ತದೆ. ತಿಳಿನೀಲಿ ನೀರು, ನೆಟ್ಟಗೆ ನಿಂತ ಕಂಬಗಳು. ಗುಜರಾತಿನ ದ್ವಾರಕೆಯಲ್ಲಿ ಗೋಮತಿ ನದಿ ಕಡಲು ಸೇರುವ ಜಾಗದ ನೀರು ಹಾಗಿರುವುದಿಲ್ಲ. ಅಲೆ ಬಡಿದು ಮರಳು ಎದ್ದು ನೀರು ಬಗ್ಗಡವಾಗುತ್ತದೆ, ತಳದ ಕಲ್ಲಿಗೆಲ್ಲ ಪಾಚಿ.

ಇಲ್ಲಿ ಹುಡುಕಾಟ ಶುರುವಾದದ್ದು ದಡದ ಮೇಲೆ. 1979-80ರಲ್ಲಿ ದ್ವಾರಕಾಧೀಶ ದೇವಸ್ಥಾನದ ಅಂಗಳ ಅಗೆದಾಗ ಈಗಿನ ಗುಡಿಗಿಂತ ಹಳೆಯ ಗುಡಿಗಳ ಅವಶೇಷ ಸಿಕ್ಕಿತು. ಆ ಕೆಲಸದ ಹಿಂದಿದ್ದವರು ಸಿಂಧೂ ನಾಗರಿಕತೆಯ ಲೋಥಲ್ ಪಟ್ಟಣ ಅಗೆದ ಎಸ್. ಆರ್. ರಾವ್, ಅಂದರೆ ನಮ್ಮ ಶಿಕಾರಿಪುರ ರಂಗನಾಥ ರಾಯರು. ಮುಂದೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವದ ತಂಡ ಕಟ್ಟಿ, 1983ರಿಂದ ನೀರಿಗಿಳಿದು ಹುಡುಕಿಸಿದವರೂ ಅವರೇ.

ಮಳೆಗಾಲದಲ್ಲಿ ಆ ಕಡಲಿಗೆ ಇಳಿಯುವ ಮಾತೇ ಇಲ್ಲ. ಚಳಿಗಾಲದ ಕೆಲವು ತಿಂಗಳಲ್ಲೇ ಕೆಲಸ ಮುಗಿಯಬೇಕು. ಆಳ ಕಡಿಮೆ ಇರುವುದು ಅನುಕೂಲವೇ. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ, ಅಂದರೆ ಹೊರಗಿನ ಗಾಳಿಯ ಸುಮಾರು 200 ಪಟ್ಟು ಒತ್ತಡದಲ್ಲಿ, ಗಾಳಿ ತುಂಬಿದರೆ 2,400 ಲೀಟರ್. ದಡದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 10 ಮೀಟರ್ ಆಳದಲ್ಲಿ ಒತ್ತಡ ಎರಡರಷ್ಟಾಗುವುದರಿಂದ 40 ಲೀಟರ್ ಬೇಕು. ಕಾಲು ಭಾಗ ತುರ್ತಿಗೆಂದು ಉಳಿಸಿಕೊಂಡರೆ ಕೈಗೆ ಸಿಗುವುದು 45 ನಿಮಿಷ. ಅಷ್ಟರಲ್ಲಿ ಪಾಚಿ ಉಜ್ಜಿ, ಟೇಪು ಹಿಡಿದು, ಸ್ಲೇಟಿನ ಮೇಲೆ ಗೀಚಿಕೊಂಡು ಮೇಲೆ ಬರಬೇಕು. ಆಳ ಕಡಿಮೆಯಿದ್ದಷ್ಟೂ ಅಲೆಯ ತೂಗಾಟ ಜಾಸ್ತಿ. ಹಿಡಿದ ಟೇಪು ಒಂದು ಕಡೆ ನಿಲ್ಲುವುದಿಲ್ಲ.

ಡೈವರ್ ಇಳಿಯುವ ಮೊದಲು ಸೈಡ್ ಸ್ಕ್ಯಾನ್ ಸೋನಾರ್ ಎಳೆಯುತ್ತಾರೆ. ದೋಣಿಯ ಹಿಂದೆ ನೀರೊಳಗೆ ಸಾಗುವ ಉಪಕರಣ ಎರಡೂ ಬದಿಗೆ ಶಬ್ದ ಬಿಟ್ಟು ಪ್ರತಿಧ್ವನಿಯಿಂದ ಚಿತ್ರ ಬಿಡಿಸುತ್ತದೆ. ಅದರ ನೇರ ಕೆಳಗಿನ ಪಟ್ಟಿ ಮಾತ್ರ ಸರಿಯಾಗಿ ಕಾಣದು. ಹಾಗಾಗಿ ಬದಿಗೆ 50 ಮೀಟರ್ ನೋಡುವ ಹಾಗಿದ್ದರೂ ದೋಣಿಯ ಸಾಲುಗಳ ನಡುವೆ 40 ಮೀಟರಷ್ಟೇ ಅಂತರ ಬಿಡುವುದು ಒಳ್ಳೆಯದು. ಒಂದು ಸಾಲಿನಲ್ಲಿ ತಪ್ಪಿದ್ದು ಪಕ್ಕದ ಸಾಲಿನಲ್ಲಿ ಸಿಗುತ್ತದೆ. ಕಲ್ಲಿನ ಎತ್ತರ ಗೊತ್ತಾಗುವುದು ನೆರಳಿನಿಂದ, ಅಂದರೆ ಚಿತ್ರದಲ್ಲಿ ಕಲ್ಲಿನ ಹಿಂದೆ ಶಬ್ದ ತಲುಪದ ಜಾಗದಿಂದ. ಉಪಕರಣ ತಳದಿಂದ 5 ಮೀಟರ್ ಮೇಲಿದ್ದು, ನೆರಳು 4 ಮೀಟರ್ ಉದ್ದವಿದ್ದು, ನೆರಳಿನ ತುದಿ ಉಪಕರಣದಿಂದ 40 ಮೀಟರ್ ದೂರವಿದ್ದರೆ 4×5÷40, ಅಂದರೆ ಕಲ್ಲು ಅರ್ಧ ಮೀಟರ್ ಎತ್ತರ.

ಕಷ್ಟ ಶುರುವಾಗುವುದು ಇನ್ನು ಮೇಲೆ. ಸುಣ್ಣದಂಶ ಮರಳನ್ನು ಅಂಟಿಸಿ ಕಡಲಂಚಿನಲ್ಲೇ ಬಂಡೆ ಹುಟ್ಟುತ್ತದೆ. ಅದು ಎರಡು ದಿಕ್ಕಿಗೆ ಬಿರುಕು ಬಿಟ್ಟರೆ ಥೇಟ್ ಚಪ್ಪಡಿ ಹಾಸಿದ ಬೀದಿ. ನಾಲ್ಕು ಮೂಲೆ ಕಂಡ ತಕ್ಷಣ "ಕಟ್ಟಡ" ಅನ್ನುವವರು ಸಂದಿಗಳನ್ನು ನೋಡಲಿ. ಕಲ್ಲುಕೆಲಸದವನು ಕೆಳಗಿನ ವರಸೆಯ ಸಂದಿಯ ಮೇಲೆ ಮೇಲಿನ ವರಸೆಯ ಸಂದಿ ಬರಲು ಬಿಡುವುದಿಲ್ಲ. ಬಿರುಕಿಗೆ ಆ ಜಾಣತನವಿಲ್ಲ, ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಸೀಳುತ್ತದೆ. ದ್ವಾರಕೆಯಲ್ಲಿ ಅರ್ಧವೃತ್ತಾಕಾರದ, ಕಚ್ಚು ಹೊಡೆದ ಕಲ್ಲುಗಳೂ ಸಿಕ್ಕಿವೆ. ಅವು ಮನುಷ್ಯನ ಕೆಲಸವೆನ್ನಲು ಅನುಮಾನವಿಲ್ಲ. ಆದರೆ ಯಾವ ಕಾಲದವು? ಕಲ್ಲಿಗೆ ವಯಸ್ಸು ಕೇಳಿದರೆ ಅದು ಬಂಡೆಯಾದ ಕಾಲ ಹೇಳುತ್ತದೆ, ಕಡಿದ ಕಾಲವನ್ನಲ್ಲ. ಅಲೆ ಕೊರೆದು ದಡದ ಗುಡಿಯೋ ಮೆಟ್ಟಿಲೋ ಕುಸಿದು ನೀರಿಗೆ ಬಿದ್ದಿದ್ದರೂ ಹೀಗೇ ಕಾಣುತ್ತದೆ.

ನೂರಕ್ಕೂ ಹೆಚ್ಚು ಕಲ್ಲಿನ ಲಂಗರುಗಳು ಸಿಕ್ಕಿದ್ದು ನನ್ನ ಮಟ್ಟಿಗೆ ಗೋಡೆಗಿಂತ ದೊಡ್ಡ ಸಂಗತಿ. ಒಂದು ಬಗೆ ತ್ರಿಕೋನ: ಮೇಲಿನ ದುಂಡು ತೂತಿಗೆ ಹಗ್ಗ, ಕೆಳಗಿನ ಎರಡು ಚೌಕ ತೂತುಗಳಿಗೆ ತಳ ಕಚ್ಚುವ ಮರದ ಗೂಟ. ಇನ್ನೊಂದು ಕಂಬದಂಥ ಉದ್ದ ಕಲ್ಲು. ಕೆಳಗಿನ ತೂತುಗಳು ಒಂದಕ್ಕೊಂದು ಅಡ್ಡಲಾಗಿರುತ್ತವೆ. ತ್ರಿಕೋನದವು ಮೆಡಿಟರೇನಿಯನ್ ಕಡೆಯ ಕಂಚಿನ ಯುಗದ ಲಂಗರುಗಳನ್ನು ಹೋಲುವುದನ್ನು ನೋಡಿ ರಾಯರು ಕಾಲವನ್ನು ಹಿಂದಕ್ಕೊಯ್ದರು. ಅದೇ ಸಂಸ್ಥೆಯ ನಂತರದ ಸಂಶೋಧಕರು ಒಪ್ಪಲಿಲ್ಲ: ಆ ಆಕಾರ ಬಹುಕಾಲ ಬಳಕೆಯಲ್ಲಿತ್ತು, ಉದ್ದ ಕಲ್ಲಿನವು ಅರಬ್ ವ್ಯಾಪಾರದ ಕಾಲದವು. ಲಂಗರು ಬಂದರಿಗೆ ಸಾಕ್ಷಿ, ಮುಳುಗಿದ ಪಟ್ಟಣಕ್ಕಲ್ಲ. ಇಲ್ಲಿ ನಾನು ಎರಡನೆಯವರ ಪಕ್ಷ.

ಹಳೆಯ ಕಾಲದ ಗಟ್ಟಿ ಪುರಾವೆ ಇರುವುದು ಉತ್ತರದ ಬೇಟ್ ದ್ವಾರಕೆ ದ್ವೀಪದಲ್ಲಿ. ಮೂರು ತಲೆಯ ಪ್ರಾಣಿಯ ಮುದ್ರೆ, ಬರಹವಿದ್ದ ಜಾಡಿ ಅಲ್ಲಿ ಸಿಕ್ಕವು. ಮಡಕೆಯನ್ನು ಸುಟ್ಟು ಎಷ್ಟು ಕಾಲವಾಯಿತೆಂದು ಹೇಳುವ ಉಷ್ಣದೀಪ್ತಿ (ಥರ್ಮೊಲ್ಯೂಮಿನೆಸೆನ್ಸ್) ಪರೀಕ್ಷೆ ಸುಮಾರು 3,500 ವರ್ಷ ಎಂದಿತು. ಈ ಪರೀಕ್ಷೆಗೆ ಮಡಕೆ ಚೂರೊಂದೇ ಸಾಲದು. ಅದು ಹೂತಿದ್ದ ಮಣ್ಣೂ ಬೇಕು, ಏಕೆಂದರೆ ಚೂರಿಗೆ ವರ್ಷಕ್ಕೆ ಎಷ್ಟು ವಿಕಿರಣ ತಾಗಿತೆಂಬ ಲೆಕ್ಕದ ಒಂದು ಪಾಲು ಮಣ್ಣಿನಲ್ಲಿದೆ. ಆ ಮಣ್ಣಿನ ತೇವ ವಿಕಿರಣವನ್ನು ತಡೆಯುವುದರಿಂದ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶೇಕಡ 10ರಷ್ಟು ವ್ಯತ್ಯಾಸ ಬಂದರೂ ಆಚೀಚೆ 350 ವರ್ಷ.

ಇಷ್ಟೂ ಜಾಗ್ರತೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಗುಜರಾತಿನದೇ ಖಂಭಾತ್ ಕೊಲ್ಲಿ ಇದೆ. 2001ರಲ್ಲಿ ಅಲ್ಲಿ 30-40 ಮೀಟರ್ ಆಳದಲ್ಲಿ ನಗರವಿದೆ ಎಂಬ ಸುದ್ದಿ ಬಂತು. ಸೋನಾರಿನಲ್ಲಿ ಚೌಕಗಳು ಕಂಡಿದ್ದವು, ತಳ ಬಾಚಿ ಎತ್ತಿದ ಮರದ ತುಂಡೊಂದಕ್ಕೆ ಸುಮಾರು 9,500 ವರ್ಷ ಬಂತು. ಆದರೆ ನರ್ಮದೆ, ತಾಪಿ, ಮಹೀ, ಸಾಬರಮತಿ ಎಲ್ಲವೂ ಬಂದು ಸೇರುವ ಕೊಲ್ಲಿ ಅದು. ಉಬ್ಬರವಿಳಿತದ ಸೆಳೆತ ದೇಶದಲ್ಲೇ ಅತಿ ಜೋರಿನವುಗಳ ಪೈಕಿ. ಆ ಮರ ಎಲ್ಲಿ ಬೆಳೆದದ್ದು, ಯಾವ ಪದರದಲ್ಲಿತ್ತು ಎನ್ನುವುದು ಬಾಚಿದಾಗಲೇ ಕಲಸಿಹೋಯಿತು.