ಇಲ್ಲಿಂದ ಕಡ್ಡಿಯೇ ಕಾಣಲ್ವಲ್ಲ!

ಶನಿವಾರದಿಂದ ಮಗಳ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ. "ಹಿಂದೆ ಕೂತವರಿಗೆ ಹಾಗೇ ಅಂದುಕೊಂಡಿದ್ದೆ ಮೇಡಂ."

ಯೂತ್ ಆರ್ಕೆಸ್ಟ್ರಾದ ರಿಹರ್ಸಲ್. ಬೀಥೋವನ್‌ನ ಐದನೇ ಸಿಂಫನಿ. ಶುರುವಿನ ಆ ನಾಲ್ಕು ಸ್ವರ ಯಾರಿಗೆ ಗೊತ್ತಿಲ್ಲ? ಮೂರು ಗಿಡ್ಡ, ಒಂದು ಉದ್ದ. ಕೇಳೋಕೆ ಸುಲಭ. ಆದರೆ ಅದಕ್ಕೂ ಮುಂಚೆ ಪುಟದಲ್ಲಿ ಒಂದು ಪುಟ್ಟ ಮೌನ ಬರೆದಿದೆ. ಎದುರು ನಿಂತು ವಾದ್ಯದವರನ್ನೆಲ್ಲ ನಡೆಸುವ ಕಂಡಕ್ಟರ್ ಕೈಯ ಕಡ್ಡಿ, ಅಂದರೆ ಬ್ಯಾಟನ್, ಕೆಳಗೆ ಬೀಳುವುದು ಆ ಮೌನದ ಮೇಲೆ. ಸದ್ದು ಅದರ ಬೆನ್ನಿಗೆ ಬರಬೇಕು. ಚೂರು ಆತುರಪಟ್ಟರೂ ಕೆಟ್ಟಿತು.

ನನ್ನ ಮಗಳು ಆತುರಪಟ್ಟಳು. ಮೂರು ಸಲ.

"ಯಾರದು?" ಅಂದರು ಕಂಡಕ್ಟರ್ ಮೇಡಂ. ಸೆಕೆಂಡ್ ವಯಲಿನ್ ಗುಂಪಿನ ಕೊನೆಯ ಸಾಲಿನಿಂದ ಒಂದು ಕಮಾನು ಮೇಲೆದ್ದಿತು. ನಾನು ನೆಲ ನೋಡಿದೆ. ಪಕ್ಕದಲ್ಲಿದ್ದ ಒಬ್ಬ ಅಪ್ಪ ವಾಚ್ ನೋಡಿಕೊಂಡರು. ಅವರ ಮಗ ಮೊದಲ ಸಾಲಿನವನು. ಅದನ್ನು ಅವರು ಮರೆಯಲ್ಲ, ನಮಗೂ ಮರೆಯೋಕೆ ಬಿಡಲ್ಲ.

ಬೈಯುತ್ತಾರೆ ಅಂದುಕೊಂಡೆ. ಮೇಡಂ ಸೀದಾ ಹಿಂದಕ್ಕೆ ನಡೆದು, "ಏಳು, ನಿನ್ನ ಕುರ್ಚಿ ನನಗೆ ಕೊಡು. ನೀನು ಹೋಗಿ ನಿಲ್ಲು" ಅಂತ ಬ್ಯಾಟನ್ ಅವಳ ಕೈಗಿಟ್ಟರು. ಅವಳ ಕೈ ನಡುಗುತ್ತಿತ್ತು. ಅವಳು ಕಡ್ಡಿ ಬೀಸಿದ್ದೇ ತಡ, ಸ್ವರಗಳು ಒಂದೊಂದು ದಿಕ್ಕಿಗೆ ಹೋದವು. ಎಲ್ಲರೂ ನಕ್ಕರು. ಆಗ ಹಿಂದಿನಿಂದ ಮೇಡಂ ದನಿ: "ಅಯ್ಯೋ, ಇಲ್ಲಿಂದ ಕಡ್ಡಿಯೇ ಕಾಣಲ್ವಲ್ಲ!"

ಮುಂದೆ ಒಬ್ಬ ಉದ್ದನೆಯ ಹುಡುಗ. ಮಗಳು ಇಷ್ಟು ದಿನ ಅವನ ತಲೆ ಅಲುಗಿದ್ದು ನೋಡಿಕೊಂಡು ಕಮಾನು ಎಳೆಯುತ್ತಿದ್ದಳಂತೆ. "ಯಾಕಮ್ಮಾ ಹೇಳಲಿಲ್ಲ?" ಅಂತ ಕೇಳಿದ್ದಕ್ಕೇ ಆ ಉತ್ತರ. ಹಿಂದೆ ಕೂತವರಿಗೆ ಹಾಗೇ ಅಂದುಕೊಂಡಿದ್ದೆ.

ನನಗೆ ಹೊಟ್ಟೆ ಚುರ್ ಅಂದಿತು. ವಾರವಿಡೀ "ಪ್ರಾಕ್ಟೀಸ್ ಸಾಲದು" ಅಂತ ಗದರಿದವಳು ನಾನೇ ಅಲ್ವಾ? ಆಫೀಸಿನಲ್ಲಿ ಹೊಸ ಹುಡುಗರಿಗೂ ಇದನ್ನೇ ಹೇಳುತ್ತೇನೆ. ಅವರು ಕೂತ ಜಾಗದಿಂದ ಏನು ಕಾಣುತ್ತೆ ಅಂತ ಒಂದು ದಿನವೂ ಕೇಳಿಲ್ಲ.

ರಾತ್ರಿ ನಿದ್ದೆ ಬರದೆ ಅಮೆರಿಕದ ಕಂಡಕ್ಟರ್ ಮರಿನ್ ಆಲ್ಸಪ್ ಬಗ್ಗೆ ಓದುತ್ತಾ ಕೂತೆ. ಒಂಬತ್ತನೇ ವಯಸ್ಸಿಗೆ ಹೆಸರಾಂತ ಕಂಡಕ್ಟರ್ ಲಿಯೊನಾರ್ಡ್ ಬರ್ನ್‌ಸ್ಟೈನ್ ಅವರನ್ನು ನೋಡಿ ಕಂಡಕ್ಟರ್ ಆಗುತ್ತೇನೆ ಅಂದವರು. ಹುಡುಗಿಯರು ಅದನ್ನೆಲ್ಲ ಮಾಡಲ್ಲ ಅಂದರಂತೆ ವಯಲಿನ್ ಟೀಚರ್. ಅಪ್ಪ ವಾದ ಮಾಡಲಿಲ್ಲ, ಸುಮ್ನೆ ಒಂದು ಡಬ್ಬಿ ತುಂಬ ಬ್ಯಾಟನ್ ತಂದುಕೊಟ್ಟರು. ಆಕೆ 2007ರಲ್ಲಿ ಬಾಲ್ಟಿಮೋರ್ ಸಿಂಫನಿ ಆರ್ಕೆಸ್ಟ್ರಾದ ಮ್ಯೂಸಿಕ್ ಡೈರೆಕ್ಟರ್ ಆದರು. ಮರುವರ್ಷವೇ ಅದೇ ಊರಿನ ಬಡ ಬಡಾವಣೆಯ ಶಾಲೆಯೊಂದರಲ್ಲಿ 30 ಮಕ್ಕಳನ್ನು ಇಟ್ಟುಕೊಂಡು, ಮಕ್ಕಳಿಗೆ ಸಂಗೀತ ಕಲಿಸುವ 'ಆರ್ಕ್‌ಕಿಡ್ಸ್' ಶುರುವಾಯಿತು. 2005ರಲ್ಲಿ ಆಲ್ಸಪ್ ತಮಗೆ ಬಂದಿದ್ದ, ಪ್ರತಿಭಾವಂತರಿಗೆ ಕೊಡುವ ಮ್ಯಾಕ್‌ಆರ್ಥರ್ ಫೆಲೋಶಿಪ್ ಹಣದಲ್ಲಿ ಒಂದು ಪಾಲು ಅದಕ್ಕೇ ಹಾಕಿದರು. ವೇದಿಕೆ ಹತ್ತಿದವರಲ್ಲಿ ಕೊನೆಯ ಕುರ್ಚಿ ಮರೆಯದವರು ಕಮ್ಮಿ.

ಅವತ್ತು ರಿಹರ್ಸಲ್‌ನಲ್ಲಿ, ಎಲ್ಲರಿಗೂ ಕಡ್ಡಿ ಕಾಣಲಿ ಅಂತ ಕುರ್ಚಿಗಳನ್ನೆಲ್ಲ ಓರೆಯಾಗಿ ಸರಿಸಲು ಐದು ನಿಮಿಷ ಹಿಡಿಯಿತು. ವಾಚ್ ಅಪ್ಪ ಮತ್ತೆ ನಿಟ್ಟುಸಿರು ಬಿಟ್ಟರು. ಉದ್ದನೆಯ ಹುಡುಗ ಪಾಪ, ಮೂರು ಸಲ ಸಾರಿ ಕೇಳಿದ.

ಮಗಳಿಗೆ ನಾನೂ ಒಂದು ಹೆಣಿಗೆ ಕಡ್ಡಿ ಹುಡುಕಿಕೊಟ್ಟೆ. ಈಗ ದಿನಾ ಸಂಜೆ ನನ್ನನ್ನು ಎದುರಿಗೆ ಕೂರಿಸಿ ಕಡ್ಡಿ ಬೀಸುತ್ತಾಳೆ. ಮೌನ ಮುಗಿದ ಮೇಲೆ ನಾನು ತ-ತ-ತ-ತಾ ಅನ್ನಬೇಕು.

ಇವತ್ತೂ ಮುಂಚೆಯೇ ಅಂದುಬಿಟ್ಟೆ.