ಬೂದಿ ಕಾವಿಗೆ ಕೂತಾಗ

ಬೂದಿ ಕಾವಿಗೆ ಬಂದಿದೆ ಅಂತ ಮೊದಲು ಗೊತ್ತಾಗಿದ್ದು ನನ್ನ ಕೈಗೆ. ಮೊಟ್ಟೆ ತೆಗೆಯೋಣ ಅಂತ ಕುಕ್ಕೆಯೊಳಗೆ ಕೈ ಹಾಕಿದರೆ, ದಿನಾ ಎದ್ದು ಓಡುತ್ತಿದ್ದ ಕೋಳಿ ಅವತ್ತು ಮೈಗರಿಯನ್ನೆಲ್ಲ ಕೆದರಿಕೊಂಡು, ಗುರ್ ಅಂದು, ಹೆಬ್ಬೆರಳ ಬುಡಕ್ಕೆ ಕುಕ್ಕಿತು. ಬೂದಿ ಅಂದರೆ ನಮ್ಮನೆಯ ಬೂದುಬಣ್ಣದ ನಾಟಿ ಹ್ಯಾಟೆ. ಅತ್ತೆ ಒಲೆ ಮುಂದಿನಿಂದಲೇ ಕೂಗಿದರು: "ಅದು ಕಾವಿಗೆ ಬಂದದೆ ಕಣವ್ವ, ಮುಟ್ಬೇಡ. ಸಂಜೆಗೆ ಮೊಟ್ಟೆ ಮಡಗೋಣ."

ನಮ್ಮೂರು ಮದ್ದೂರಿನ ಕಡೆ. ನಾನು ಮದುವೆಯಾಗಿ ಬರುವವರೆಗೆ ಮೈಸೂರಿನ ಮೂರನೇ ಮಹಡಿಯಲ್ಲಿ ಬೆಳೆದವಳು. ಕೋಳಿಯ ವಿಷಯದಲ್ಲಿ ನನಗಿದ್ದ ಜ್ಞಾನವೆಲ್ಲ ಫೋನಿನಲ್ಲಿ ಓದಿದ್ದು. ಆ ಜ್ಞಾನದಿಂದಲೇ ಪಕ್ಕದೂರಿನಿಂದ ಆರು ಗಿರಿರಾಜ ಮೊಟ್ಟೆ ತಂದಿಟ್ಟಿದ್ದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಿಲಲ್ಲಿ ಸಾಕುವುದಕ್ಕೆಂದೇ ಮಾಡಿದ ತಳಿ ಅದು. ಬೇಗ ಮೈ ಬರುತ್ತೆ, ಮೊಟ್ಟೆಯೂ ಜಾಸ್ತಿ. ಆದರೆ ಕಾವು ಕೂರು ಅಂದರೆ ಆಗದು. ಕಾವಿಗೆ ಕೂತ ಕೋಳಿ ಮೊಟ್ಟೆ ನಿಲ್ಲಿಸುತ್ತದಲ್ಲ, ಹಾಗಾಗಿ ಮೊಟ್ಟೆಗೆಂದು ಆರಿಸುತ್ತ ಬಂದ ತಳಿಗಳಲ್ಲಿ ಆ ಗುಣವೇ ಸವೆದು ಹೋಗಿರುತ್ತದೆ. ಹಡೆಯೋರು ಅವರು, ಬಾಣಂತನಕ್ಕೆ ನಮ್ಮ ಬೂದಿ.

ಅತ್ತೆ ಕುಕ್ಕೆಯ ತಳಕ್ಕೆ ಮರಳು ಹಾಸಿ, ಮೇಲೆ ಒಣಹುಲ್ಲು, ಹೇನಾಗದಂತೆ ಒಂದು ಹಿಡಿ ಒಲೆಬೂದಿ, ಬೇವಿನ ಸೊಪ್ಪು ಹಾಕಿದರು. ಕೊನೆಗೆ ಒಂದು ಇದ್ದಿಲು, ಒಂದು ಒಣಮೆಣಸಿನಕಾಯಿ, ಕುಡುಗೋಲಿನ ಮುರುಕು. "ಗುಡುಗಿಗೆ ಮೊಟ್ಟೆ ಕೆಡ್ತವೆ." ನಾನು ನಗು ಅದುಮಿಕೊಂಡೆ. "ಒಂಬತ್ತು ಸಾಕು" ಅಂದರು. ನಾನು ಏಳು ನಾಟಿ, ಆರು ಗಿರಿರಾಜ, ಒಟ್ಟು ಹದಿಮೂರು ಇಟ್ಟೆ. ಬೇರೆ ಕೋಳಿಗಳು ಬಂದು ಅಲ್ಲೇ ಮೊಟ್ಟೆ ಇಟ್ಟು ಹೋದರೆ ಗೊತ್ತಾಗಲಿ ಅಂತ ಹದಿಮೂರಕ್ಕೂ ಇದ್ದಿಲಲ್ಲಿ ಗೆರೆ ಎಳೆದೆ. ಅತ್ತೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದರೆ ಹೆದರಬೇಕು ಅಂತ ಆಗಿನ್ನೂ ತಿಳಿದಿರಲಿಲ್ಲ.

ಇಪ್ಪತ್ತೊಂದು ದಿನದಲ್ಲಿ ಬೂದಿ ತಪಸ್ಸಿಗೆ ಕೂತವಳ ಹಾಗೆ ಸೊರಗಿದಳು. ದಿನಕ್ಕೊಂದು ಸಲ ಇಳಿದು, ರಾಗಿ ಕುಕ್ಕಿ, ನೀರು ಕುಡಿದು, ಮೂರು ದಿನದ್ದು ಒಟ್ಟಿಗೆ ಅನ್ನುವಷ್ಟು ಹಿಕ್ಕೆ ಹಾಕಿ (ಆ ನಾತ ಈಗಲೂ ಮೂಗಲ್ಲಿದೆ), ಮಣ್ಣಲ್ಲಿ ಹೊರಳಿ, ಕಾಲು ಗಂಟೆಯೊಳಗೆ ವಾಪಸ್ಸು. ಏಳನೇ ರಾತ್ರಿ ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆ ಹಿಡಿದು ನೋಡಿದೆ. ಹನ್ನೊಂದರಲ್ಲಿ ಜೇಡರಬಲೆಯಂತೆ ಕೆಂಪು ನರ, ನಡುವೆ ಮಿಡಿಯುವ ಕಪ್ಪು ಚುಕ್ಕೆ. ಎರಡು ಖಾಲಿ. ಅತ್ತೆಯೂ ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯೋ, ಬಸುರಿ ಸ್ಕ್ಯಾನಿಂಗ್ ಮಾಡ್ದಂಗೆ" ಅಂದರು.

ಅವರದೊಂದು ಪರೀಕ್ಷೆಯಿತ್ತು. ಹತ್ತೊಂಬತ್ತನೇ ದಿನ ಉಗುರುಬೆಚ್ಚಗಿನ ನೀರಲ್ಲಿ ಮೊಟ್ಟೆಗಳನ್ನು ತೇಲಿಬಿಟ್ಟರು. ಗಾಳಿಯೇ ಇಲ್ಲದ ಅಡುಗೆಮನೆಯಲ್ಲಿ ಎಂಟು ಮೊಟ್ಟೆಗಳು ತಮ್ಮಷ್ಟಕ್ಕೆ ತಾವೇ ತೊನೆದವು. ಮೂರು ಅಲುಗಲಿಲ್ಲ. ಬೂದಿಯ ಎದೆ ಹಾಸಿದಷ್ಟಕ್ಕೇ ಕಾವು. ಅವಳು ದಿನಾ ಮೊಟ್ಟೆ ತಿರುಗಿಸುವಾಗೆಲ್ಲ ಯಾವುದಾದರೂ ಒಂದೆರಡು ಅಂಚಿಗೆ ಬಂದು ತಣ್ಣಗಾಗಿವೆ. ಒಂಬತ್ತು ಅಂದಿದ್ದು ಶಾಸ್ತ್ರಕ್ಕಲ್ಲ, ಕೋಳಿಯ ಅಗಲ ನೋಡಿ.

ಇಪ್ಪತ್ತನೇ ರಾತ್ರಿ ಗುಡುಗು, ಮಳೆ, ಕರೆಂಟಿಲ್ಲ. ಟಾರ್ಚು ಹಿಡಿದು ಕುಕ್ಕೆಯ ಪಕ್ಕ ಕೂತೆ. ಒಡೆಯದ ಮೊಟ್ಟೆಯೊಳಗಿಂದಲೇ ಚಿಂವ್ ಚಿಂವ್. ಅದಕ್ಕೆ ಬೂದಿ ಗಂಟಲಲ್ಲೇ ಕುರ್ ಕುರ್ ಅಂತ ಉತ್ತರ ಕೊಡುತ್ತಿದ್ದಳು. ಚಿಪ್ಪಿನ ಮೇಲೆ ಮೊದಲು ನಕ್ಷತ್ರದಂಥ ಬಿರುಕು, ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಸಿಪ್ಪೆ ಬಿಡಿಸಲು ಕೈ ತುರಿಸುತ್ತಿತ್ತು. "ಮುಟ್ಟುದ್ರೆ ರಕ್ತ ಬತ್ತದೆ, ಸುಮ್ಕಿರು" ಅಂತ ಕತ್ತಲೊಳಗಿಂದ ಅತ್ತೆ. ಬೆಳಗಿನ ಜಾವಕ್ಕೆ ಏಳು ಪಿಳ್ಳೆ. ಮೊದಲು ಒದ್ದೆ ಚಿಂದಿಯ ಹಾಗಿದ್ದವು, ಒಂದು ತಾಸಿಗೆ ಹತ್ತಿಯ ಉಂಡೆಗಳಾದವು. ಎಂಟನೆಯದರ ಬಿರುಕು ಮಾತ್ರ ಎಲ್ಲೂ ಕಾಣಲಿಲ್ಲ. ಎತ್ತಿ ನೋಡಿದರೆ, ಯಾವುದೋ ಪಿಳ್ಳೆ ಬಿಟ್ಟ ಅರ್ಧ ಚಿಪ್ಪು ಸರಿಯಾಗಿ ಇದರ ದಪ್ಪ ತುದಿಗೆ ಟೋಪಿಯಂತೆ ಕೂತಿತ್ತು! ಒಳಗಿನದು ಎಷ್ಟು ಕುಕ್ಕಿದರೂ ಎರಡು ಗೋಡೆ. ಟೋಪಿ ತೆಗೆದಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅದೂ ಹೊರಗೆ. ಕುಡುಗೋಲಿನ ಮುರುಕನ್ನು ಅತ್ತೆ ಒರೆಸಿ ಸೂರಿಗೆ ಸಿಕ್ಕಿಸಿದರು; ನಾನು ವಾದ ಮಾಡಲಿಲ್ಲ.

ಮೊದಲೆರಡು ದಿನ ಪಿಳ್ಳೆಗಳಿಗೆ ಮೇವಿನ ಚಿಂತೆಯಿಲ್ಲ, ಹೊಟ್ಟೆಯೊಳಗೆ ಸೇರಿದ ಹಳದಿಯೇ ಬುತ್ತಿ. ನೀರು ಬೇಕು. ನಾನು ಸ್ಟೀಲ್ ಬಟ್ಟಲಲ್ಲಿ ಇಟ್ಟೆ, ಎರಡು ಬೆರಳು ಆಳ ಅಷ್ಟೇ. ಮೂರನೇ ದಿನ ಬೆಳಿಗ್ಗೆ ಅದರಲ್ಲೊಂದು ಮಕಾಡೆ ಬಿದ್ದಿತ್ತು, ಟೋಪಿಯಿಂದ ಬಿಡಿಸಿಕೊಂಡು ಬಂದದ್ದೇ. ಅತ್ತೆ ಬಯ್ಯಲಿಲ್ಲ. ತೆಂಗಿನ ಚಿಪ್ಪಿಗೆ ನಾಲ್ಕು ಬೆಣಚುಕಲ್ಲು ಹಾಕಿ, ಅದರ ಸಂದಿಗೆ ನೀರು ಹುಯ್ದು ನನ್ನ ಕೈಗೆ ಕೊಟ್ಟರು.

ಆಮೇಲೆ ನುಚ್ಚಕ್ಕಿ, ಜೊತೆಗೆ ಗೆದ್ದಲು. ಹಳೇ ಮಡಕೆಗೆ ಸಗಣಿ, ಒಣಹುಲ್ಲು ತುಂಬಿ ರಾತ್ರಿ ಹುತ್ತದ ಹತ್ತಿರ ಬೋರಲು ಹಾಕಿದರೆ ಬೆಳಿಗ್ಗೆ ಒಳಗೆಲ್ಲ ಬಿಳಿ ಗೆದ್ದಲು. ಏಳನೇ ದಿನ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟಾ ಅನ್ನುವ ಲಸಿಕೆಯ ಹನಿ, ಕಣ್ಣಿಗೆ ಒಂದೊಂದು ತೊಟ್ಟು. ಒಂದು ಸೀಸೆ ನೂರು ಪಿಳ್ಳೆಗೆ ಆಗುತ್ತೆ, ಕಲಸಿದ ಮೇಲೆ ಇಡುವಂತಿಲ್ಲ. ನಮ್ಮವು ಏಳು. ಬೀದಿಯ ಹೆಂಗಸರೆಲ್ಲ ಮಡಿಲಲ್ಲಿ, ಬಕೆಟ್ಟಿನಲ್ಲಿ ಪಿಳ್ಳೆ ಹೊತ್ತು ಬಂದು ಜಗಲಿ ತುಂಬಿಸಿದರು. ಆದರೂ ಅರ್ಧ ಸೀಸೆ ಮಿಕ್ಕಿತು.

ಎರಡು ತಿಂಗಳಾಗುವಷ್ಟರಲ್ಲಿ ಉಳಿದ ನಾಲ್ಕು ಗಿರಿರಾಜ ಹೆಚ್ಚುಕಮ್ಮಿ ಬೂದಿಯಷ್ಟೇ ಆಗಿದ್ದವು. ನಾಟಿ ಪಿಳ್ಳೆಗಳು ಮುಷ್ಟಿ ಗಾತ್ರ. ಆದರೂ ಸಂಜೆಯಾಯಿತೆಂದರೆ ನಾಲ್ಕು ದಾಂಡಿಗರೂ ಅಮ್ಮನ ರೆಕ್ಕೆಯಡಿ ತಲೆ ತೂರಿಸುತ್ತಿದ್ದವು. ಒಂದು ಸಂಜೆ ನೋಡುತ್ತೇನೆ, ಬೂದಿಯ ಕಾಲೆರಡೂ ನೆಲ ಬಿಟ್ಟಿವೆ. ಮಕ್ಕಳ ಬೆನ್ನ ಮೇಲೆ, ರೆಕ್ಕೆ ಹರಡಿಕೊಂಡು, ಕಣ್ಣು ಮುಚ್ಚಿ ಕೂತಿದ್ದಾಳೆ.

ಅತ್ತೆ ಸೊಪ್ಪು ಸೋಸುತ್ತ ತಲೆಯೆತ್ತಿ ನೋಡಿದರು. "ಇದ್ಕೇ ಕಣವ್ವ ಒಂಬತ್ತು ಅಂದಿದ್ದು."