ದಿನಕ್ಕೆ 4 ನಿಮಿಷ ಮೊದಲೇ ಬರುತ್ತಿದ್ದ ದೋಷ: ಮನೆಯ ಟೈಮ್ ಸರ್ವರ್ ಕೆಲಸದ ದಾಖಲೆ

ದಿನ 1

ಮನೆಯ ನೆಟ್‌ವರ್ಕ್‌ನಲ್ಲಿರುವ ಯಂತ್ರಗಳಿಗೆಲ್ಲ ಹೊರಗಿನ ಸರ್ವರ್‌ಗಳಿಂದ ಸಮಯ ತರಿಸುವ ಬದಲು, ಉಪಗ್ರಹಗಳಿಂದಲೇ ನೇರವಾಗಿ ಪಡೆದು ಹಂಚಬೇಕೆಂದು ಈ ಕೆಲಸವನ್ನು ಆರಂಭಿಸಿದ್ದೇನೆ. ಅಗತ್ಯವಿತ್ತೆಂದು ಹೇಳಲಾರೆ. ನನ್ನ ಸಂಪರ್ಕದಲ್ಲಿ ಇಂಟರ್ನೆಟ್ ಮೂಲಕ ಬರುವ ಸಮಯವು ಎರಡು ಮೂರು ಮಿಲಿಸೆಕೆಂಡ್‌ಗಳಷ್ಟೇ ಹಿಂದುಮುಂದಾಗುತ್ತಿತ್ತು, ದಿನಬಳಕೆಗೆ ಅದು ಧಾರಾಳವಾಗಿ ಸಾಕು. ಗುರಿ ಮೈಕ್ರೋಸೆಕೆಂಡ್‌ಗಳದ್ದು. ಸದ್ಯಕ್ಕೆ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಸೆಕೆಂಡಿಗೊಂದು ಪಲ್ಸ್ ಕೊಡುವ ಪಿಪಿಎಸ್ ಪಿನ್ ಇರುವ ಸಾಧಾರಣ ಜಿಪಿಎಸ್ ಮಾಡ್ಯೂಲ್, ಕಿಟಕಿಯ ಅಂಚಿನಲ್ಲಿ ಕುಳಿತ ಆಂಟೆನಾ ಮತ್ತು ಯಂತ್ರದ ಗಡಿಯಾರವನ್ನು ಸರಿಹೊಂದಿಸುವ ಕ್ರೋನಿ ತಂತ್ರಾಂಶ ಇಷ್ಟೇ ಸಾಮಗ್ರಿ.

ದಿನ 3

ಪಲ್ಸ್ ತಂತಿಯನ್ನು ಇನ್ನೂ ಬೆಸುಗೆ ಹಾಕಿರಲಿಲ್ಲವಾದ್ದರಿಂದ ಸೀರಿಯಲ್ ತಂತಿಯಲ್ಲಿ ಬರುವ, ಸಮಯ ಮತ್ತು ಸ್ಥಾನವನ್ನು ಅಕ್ಷರಗಳಲ್ಲಿ ಹೇಳುವ ಎನ್‌ಎಂಇಎ ಸಾಲುಗಳಿಂದಲೇ ಸಮಯ ಓದಿಸಿದೆ. ಫಲಿತಾಂಶ ಇಂಟರ್ನೆಟ್‌ಗಿಂತಲೂ ಬಹಳ ಕೆಟ್ಟದಾಗಿತ್ತು: ಸುಮಾರು 0.4 ಸೆಕೆಂಡ್ ತಡ, ಅದರ ಮೇಲೆ ಹತ್ತಾರು ಮಿಲಿಸೆಕೆಂಡ್‌ಗಳ ಏರಿಳಿತ. ಕಾರಣ ಹುಡುಕಲು ಕಷ್ಟಪಡಬೇಕಾಗಲಿಲ್ಲ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರಗಳು ಮಾತ್ರ ಸಾಗುತ್ತವೆ. 80 ಅಕ್ಷರಗಳ ಒಂದು ಸಾಲಿಗೇ 83 ಮಿಲಿಸೆಕೆಂಡ್ ಬೇಕು. ಕಾಣುವ ಉಪಗ್ರಹಗಳು ಹೆಚ್ಚಾದಂತೆ ಅವುಗಳ ವಿವರ ಹೊತ್ತ ಸಾಲುಗಳೂ ಹೆಚ್ಚುತ್ತವೆ, ಸಮಯದ ಸಾಲು ಅವುಗಳ ಹಿಂದೆ ಸರದಿಯಲ್ಲಿ ನಿಲ್ಲುತ್ತದೆ. ಬೇಡದ ಸಾಲುಗಳನ್ನು ನಿಲ್ಲಿಸಿದ ಮೇಲೆ ಏರಿಳಿತ ಬಹಳಷ್ಟು ತಗ್ಗಿತು. ಆದರೂ ಈ ಸಾಲುಗಳು ಹೇಳಬೇಕಾದದ್ದು ಇದು ಎಷ್ಟನೆಯ ಸೆಕೆಂಡ್ ಎಂಬುದನ್ನು ಮಾತ್ರ. ಆ ಸೆಕೆಂಡ್ ಯಾವ ಕ್ಷಣದಲ್ಲಿ ಆರಂಭವಾಯಿತೆಂಬುದನ್ನು ಪಲ್ಸ್ ಹೇಳಬೇಕು.

ದಿನ 6

ಪಲ್ಸ್ ಬಂತು. ಅದರ ಏರುವ ಅಂಚು ತಗಲಿದ ಕೂಡಲೇ ಪೈಯ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಸಮಯವನ್ನು ಗುರುತಿಸಿಕೊಳ್ಳುತ್ತದೆ. ಒಂದು ಗಂಟೆಯೊಳಗೆ ಕ್ರೋನಿ ತೋರಿಸಿದ ಏರಿಳಿತ ಒಂದು ಮೈಕ್ರೋಸೆಕೆಂಡ್‌ನ ಆಸುಪಾಸಿಗೆ ಇಳಿಯಿತು. ಆ ಸಂತೋಷದಲ್ಲಿ ಮಲಗಿದೆ.

ದಿನ 7

ಬೆಳಿಗ್ಗೆ ನೋಡಿದರೆ, ಹೋಲಿಕೆಗಾಗಿ ಮಾತ್ರ ಇಟ್ಟುಕೊಂಡಿದ್ದ ಇಂಟರ್ನೆಟ್ ಸರ್ವರ್‌ಗಳೆಲ್ಲವೂ ನನ್ನ ಗಡಿಯಾರಕ್ಕಿಂತ ಸರಿಯಾಗಿ ಒಂದು ಸೆಕೆಂಡ್ ಮುಂದಿದ್ದವು. ಎನ್‌ಎಂಇಎಯ 0.4 ಸೆಕೆಂಡ್ ವಿಳಂಬವನ್ನು ಸರಿದೂಗಿಸುವ ಸಂಖ್ಯೆಗೆ ನಾನು ಚಿಹ್ನೆಯನ್ನು ತಿರುಗಿಸಿ ಬರೆದಿದ್ದೆ. ಕಳೆಯಬೇಕಾಗಿದ್ದ ವಿಳಂಬ ಕೂಡಿಕೊಂಡು 0.8 ಆಯಿತು, ಅದು ಅರ್ಧ ಸೆಕೆಂಡ್‌ನ ಗಡಿಯನ್ನು ದಾಟಿದ್ದರಿಂದ ಪ್ರತಿ ಪಲ್ಸ್‌ಗೂ ಪಕ್ಕದ ಸೆಕೆಂಡಿನ ಹೆಸರು ಅಂಟಿಕೊಂಡಿತು. ಇಡೀ ರಾತ್ರಿ ನನ್ನ ಸರ್ವರ್ ಒಂದು ಮೈಕ್ರೋಸೆಕೆಂಡ್‌ನ ಶಿಸ್ತಿನಿಂದ ಒಂದು ಸೆಕೆಂಡ್ ತಪ್ಪು ಸಮಯವನ್ನು ಹಂಚಿದೆ. ತನ್ನ ಬಗ್ಗೆ ತಾನೇ ಕೊಡುವ ಅಂಕಿಯನ್ನು ಮಾತ್ರ ನೋಡಿದ್ದರೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ. ಹೊರಗಿನ ನಾಲ್ಕು ಸರ್ವರ್‌ಗಳನ್ನು ಇನ್ನು ಮುಂದೆ ಶಾಶ್ವತವಾಗಿ ಪಟ್ಟಿಯಲ್ಲೇ ಉಳಿಸಿಕೊಳ್ಳುತ್ತೇನೆ.

ದಿನ 15

ಒಂದು ವಾರದ ಗ್ರಾಫ್‌ನಲ್ಲಿ ಎರಡು ಬಗೆಯ ಉಬ್ಬುಗಳು ಕಾಣುತ್ತಿವೆ. ಮೊದಲನೆಯದು ರಾತ್ರಿ ಸರಿಯಾಗಿ 2 ಗಂಟೆಗೆ ಬರುತ್ತದೆ. ಅದೇ ಪೈ ಆ ಹೊತ್ತಿನಲ್ಲಿ ಕಡತಗಳ ಬ್ಯಾಕಪ್ ಮಾಡುತ್ತದೆ. ಪ್ರೊಸೆಸರ್ ಬಿಸಿಯಾಗಿ, ಗಡಿಯಾರವನ್ನು ನಡೆಸುವ ಪಕ್ಕದ ಕ್ರಿಸ್ಟಲ್‌ಗೂ ಬಿಸಿ ತಟ್ಟಿ, ಅದರ ಆವರ್ತನ ಸರಿಯುತ್ತದೆ. ಈ ಲೋಕದಲ್ಲಿ ಸಣ್ಣ ಸಂಖ್ಯೆ ಎಂಬುದಿಲ್ಲ: ಹತ್ತು ಲಕ್ಷಕ್ಕೆ ಒಂದರಷ್ಟು ವ್ಯತ್ಯಾಸ ತಿದ್ದದೆ ಉಳಿದರೆ ದಿನಕ್ಕೆ 86.4 ಮಿಲಿಸೆಕೆಂಡ್ ಆಗುತ್ತದೆ. ಬ್ಯಾಕಪ್ ಕೆಲಸವನ್ನು ಬೇರೆ ಯಂತ್ರಕ್ಕೆ ಸಾಗಿಸಿ, ಪ್ರೊಸೆಸರ್‌ನ ವೇಗವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿ, ಪೈಯನ್ನು ಬಿಸಿಲು ಬೀಳದ ಗೋಡೆಯ ಬದಿಗೆ ಸರಿಸಿದೆ. ಉಬ್ಬು ಹೋಯಿತು.

ಎರಡನೆಯದು ನಿಜವಾದ ತಲೆನೋವು. ಸಂಜೆಯ ಹೊತ್ತಿನಲ್ಲಿ ಸುಮಾರು 20 ನಿಮಿಷ ಪಲ್ಸ್ ಪೂರ್ತಿಯಾಗಿ ನಿಂತುಹೋಗುತ್ತದೆ. ಅಷ್ಟು ಹೊತ್ತು ಕ್ರೋನಿ ತಾನು ಕಲಿತ ಆವರ್ತನದ ಆಧಾರದಲ್ಲಿಯೇ ಗಡಿಯಾರವನ್ನು ನಡೆಸುತ್ತದೆ. ಪಲ್ಸ್ ಮರಳಿದಾಗ ಗಡಿಯಾರ 60ರಿಂದ 90 ಮೈಕ್ರೋಸೆಕೆಂಡ್‌ನಷ್ಟು ಸರಿದಿರುತ್ತದೆ. ಮನೆಯ ಯಾವುದೋ ವಿದ್ಯುತ್ ಉಪಕರಣ ರೇಡಿಯೋ ಗದ್ದಲ ಎಬ್ಬಿಸುತ್ತಿದೆಯೆಂದು ಭಾವಿಸಿ ಒಂದೊಂದನ್ನೇ ಆರಿಸಿ ನೋಡಿದೆ. ಮನೆಯವರ ಸಹನೆಗೆ ಕೃತಜ್ಞನಾಗಿದ್ದೇನೆ, ಫಲ ಮಾತ್ರ ಸಿಗಲಿಲ್ಲ.

ದಿನ 19

ಪಲ್ಸ್ ನಿಂತ ಸಮಯಗಳನ್ನು ಒಂದರ ಕೆಳಗೊಂದು ಬರೆದು ನೋಡಿದಾಗ ಉತ್ತರ ಕಣ್ಣಿಗೆ ರಾಚಿತು. ಸೋಮವಾರ 5 ಗಂಟೆ 42 ನಿಮಿಷ, ಮಂಗಳವಾರ 5:38, ಬುಧವಾರ 5:34, ಗುರುವಾರ 5:30. ಮನುಷ್ಯರ ಕೆಲಸಗಳು ಹೀಗೆ ದಿನಕ್ಕೆ ನಾಲ್ಕು ನಿಮಿಷ ಹಿಂದೆ ಸರಿಯುವುದಿಲ್ಲ, ನಕ್ಷತ್ರಗಳು ಸರಿಯುತ್ತವೆ. ನಕ್ಷತ್ರಗಳಿಗೆ ಹೋಲಿಸಿದರೆ ಭೂಮಿ ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ 4 ಸೆಕೆಂಡ್ ಸಾಕು. ಜಿಪಿಎಸ್ ಉಪಗ್ರಹಗಳು ಹೆಚ್ಚುಕಡಿಮೆ ಅಷ್ಟೇ ಅವಧಿಯಲ್ಲಿ ಎರಡು ಸುತ್ತು ಮುಗಿಸುವುದರಿಂದ, ಇಂದು ಆಕಾಶದಲ್ಲಿದ್ದ ಅದೇ ಜೋಡಣೆ ನಾಳೆ ಸುಮಾರು ನಾಲ್ಕು ನಿಮಿಷ ಮೊದಲೇ ಮರಳುತ್ತದೆ. ನನ್ನ ಕಿಟಕಿಗೆ ಅರ್ಧ ಆಕಾಶವಷ್ಟೇ ಕಾಣುತ್ತದೆ. ಮೂರು ದಿಕ್ಕುಗಳ ಸ್ಥಾನ ಮತ್ತು ಸಮಯ ಸೇರಿ ನಾಲ್ಕು ಅಜ್ಞಾತಗಳಿರುವುದರಿಂದ ರಿಸೀವರ್‌ಗೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಆ ಒಂದು ಜೋಡಣೆಯಲ್ಲಿ ನನ್ನ ಪಾಲಿಗೆ ಎರಡೋ ಮೂರೋ ಉಳಿಯುತ್ತಿವೆ.

ಊಹೆ ಸರಿಯೇ ಎಂದು ಪರೀಕ್ಷಿಸಲು ಒಂದು ದಾರಿಯಿತ್ತು. ಮೊದಲ ಸೋಮವಾರದಿಂದ 15 ದಿನಗಳ ನಂತರ ಪಲ್ಸ್ 4:43ಕ್ಕೆ ನಿಲ್ಲಬೇಕೆಂದು ಕಾಗದದಲ್ಲಿ ಬರೆದಿಟ್ಟಿದ್ದೇನೆ.

ದಿನ 30

ಅದು 4:42ಕ್ಕೆ ನಿಂತಿತು. ಈ ಇಡೀ ಕೆಲಸದಲ್ಲಿ ಒಂದು ದೋಷ ಕಂಡು ನಾನು ಹಿಗ್ಗಿದ್ದು ಇದೊಂದೇ ಸಲ.

ದಿನ 41

ಆಂಟೆನಾವನ್ನು ಛಾವಣಿಗೆ ಏರಿಸುವುದು ಸದ್ಯಕ್ಕೆ ಸಾಧ್ಯವಿಲ್ಲ. ಅದಕ್ಕೆ ಬದಲಾಗಿ, ಸಮಯಕ್ಕೆಂದೇ ತಯಾರಿಸಿದ ಒಂದು ಹಳೆಯ ಟೈಮಿಂಗ್ ರಿಸೀವರ್ ಅನ್ನು ಬಳಸಿದ್ದನ್ನೇ ಕೊಂಡು ತಂದೆ. ಒಂದು ದಿನ ಪೂರ್ತಿ ಆಂಟೆನಾವನ್ನು ಅಲುಗಿಸದೆ ಬಿಟ್ಟರೆ ಅದು ತನ್ನ ಸ್ಥಾನವನ್ನು ಅಳೆದು ಸರಾಸರಿ ತೆಗೆದು ಗಟ್ಟಿಮಾಡಿಕೊಳ್ಳುತ್ತದೆ. ಆ ಬಳಿಕ ಅಜ್ಞಾತವಾಗಿ ಉಳಿಯುವುದು ಸಮಯ ಒಂದೇ ಆದ್ದರಿಂದ ಒಂದೇ ಉಪಗ್ರಹ ಕಂಡರೂ ಪಲ್ಸ್ ನಿಲ್ಲುವುದಿಲ್ಲ. ಅಳೆದ ಸ್ಥಾನದಲ್ಲಿ ಮೂರು ಮೀಟರ್ ತಪ್ಪಿದ್ದರೂ ಸಮಯದಲ್ಲಿ ತಗಲುವುದು ಹತ್ತು ನ್ಯಾನೊಸೆಕೆಂಡ್‌ನಷ್ಟು, ಏಕೆಂದರೆ ಒಂದು ನ್ಯಾನೊಸೆಕೆಂಡ್‌ನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. 15 ಮೀಟರ್ ಆಂಟೆನಾ ಕೇಬಲ್‌ನ ವಿಳಂಬವನ್ನೂ ಮೀಟರಿಗೆ 5 ನ್ಯಾನೊಸೆಕೆಂಡ್ ಲೆಕ್ಕದಲ್ಲಿ 75 ಎಂದು ನಮೂದಿಸಿದೆ. ಪಲ್ಸ್ ಎಬ್ಬಿಸುವ ಕರೆಗೆ, ಅಂದರೆ ಇಂಟರಪ್ಟ್‌ಗೆ, ಪೈ ಓಗೊಡಲು ತೆಗೆದುಕೊಳ್ಳುವ ಕೆಲವು ಮೈಕ್ರೋಸೆಕೆಂಡ್‌ಗಳ ಮುಂದೆ ಈ 75ಕ್ಕೆ ಬೆಲೆಯೇ ಇಲ್ಲವೆಂದು ಗೊತ್ತಿದ್ದೂ ನಮೂದಿಸಿದೆ.

ದಿನ 43

ಪಲ್ಸ್ ನಿಲ್ಲುತ್ತಿಲ್ಲ. ಆದರೆ ಈ ರಿಸೀವರ್ ಹೇಳುವ ದಿನಾಂಕ 1024 ವಾರ, ಅಂದರೆ ಹತ್ತೊಂಬತ್ತೂವರೆ ವರ್ಷಕ್ಕೂ ಹೆಚ್ಚು ಹಿಂದಿನದು. ಜಿಪಿಎಸ್‌ನ ಮೂಲ ಸಂದೇಶದಲ್ಲಿ ವಾರದ ಸಂಖ್ಯೆಗೆ 10 ಬಿಟ್‌ಗಳು ಮಾತ್ರ ಇವೆ. 1980ರ ಜನವರಿ 6ರಿಂದ ಎಣಿಕೆ ಆರಂಭಿಸಿ 1999ರ ಆಗಸ್ಟ್‌ನಲ್ಲಿ ಮತ್ತು 2019ರ ಏಪ್ರಿಲ್‌ನಲ್ಲಿ ಅದು ಸೊನ್ನೆಗೆ ಮರಳಿದೆ. ಮುಂದಿನದು 2038ರ ನವೆಂಬರ್‌ನಲ್ಲಿ. ಎಷ್ಟನೆಯ ಸುತ್ತಿನಲ್ಲಿದ್ದೇವೆಂಬುದನ್ನು ರಿಸೀವರ್‌ನ ಒಳಗಿನ ತಂತ್ರಾಂಶವೇ ಊಹಿಸಬೇಕು, ಹಳೆಯದಾದರೆ ಅದರ ಊಹೆ ತಪ್ಪುತ್ತದೆ.

ಇದಕ್ಕೆ ಪರಿಹಾರ ಕಂಡುಕೊಳ್ಳುವಾಗ ಇಡೀ ವ್ಯವಸ್ಥೆಯೇ ಸರಳವಾಯಿತು. ಪಲ್ಸ್‌ಗೆ ದಿನಾಂಕ ಗೊತ್ತಿರಬೇಕಿಲ್ಲ. ಯಾವ ಸೆಕೆಂಡ್ ಎಂಬುದನ್ನು ಅರ್ಧ ಸೆಕೆಂಡ್‌ಗಿಂತ ಕಡಿಮೆ ತಪ್ಪಿನಲ್ಲಿ ಯಾರು ಹೇಳಿದರೂ ಸಾಕು, ಕೆಲವೇ ಮಿಲಿಸೆಕೆಂಡ್ ತಪ್ಪುವ ಇಂಟರ್ನೆಟ್ ಸರ್ವರ್‌ಗಳಿಗೆ ಆ ಅರ್ಹತೆ ಹೇರಳವಾಗಿದೆ. ಎನ್‌ಎಂಇಎಯನ್ನು ಪೂರ್ತಿಯಾಗಿ ಕೈಬಿಟ್ಟೆ. ಏಳನೆಯ ದಿನದ ಚಿಹ್ನೆಯ ತಪ್ಪಿಗೂ ಇನ್ನು ಜಾಗವಿಲ್ಲ.

ದಿನ 58

ಎರಡು ರಿಸೀವರ್‌ಗಳನ್ನು ಒಂದಕ್ಕೊಂದು ಸಾಕ್ಷಿಯಾಗಿಸುವ ಯೋಚನೆಯಿಂದ ಮೊದಲ ದಿನದಿಂದ ಇದ್ದ ಹಳೆಯ ಮಾಡ್ಯೂಲ್‌ನ ಪಲ್ಸ್ ಅನ್ನು ಬೇರೊಂದು ಪಿನ್‌ಗೆ ಜೋಡಿಸಿ, ಅದನ್ನು ಕೇವಲ ಗಮನಿಸುವಂತೆ ಕ್ರೋನಿಗೆ ಹೇಳಿದೆ. ಅದು ಸತತವಾಗಿ ಕೆಲವು ಮೈಕ್ರೋಸೆಕೆಂಡ್ ತಡವಾಗಿ ಕಂಡಿತು. ತಪ್ಪು ಅದರದ್ದಲ್ಲ: ಎರಡು ಪಲ್ಸ್‌ಗಳೂ ಒಂದೇ ಕ್ಷಣದಲ್ಲಿ ಬಾಗಿಲು ತಟ್ಟುತ್ತವೆ, ಕರ್ನೆಲ್ ಒಂದನ್ನು ವಿಚಾರಿಸಿಕೊಂಡ ಮೇಲೆಯೇ ಇನ್ನೊಂದರತ್ತ ತಿರುಗುತ್ತದೆ. ಹಳೆಯ ಮಾಡ್ಯೂಲ್‌ನ ಪಲ್ಸ್ 100 ಮಿಲಿಸೆಕೆಂಡ್ ಅಗಲದ್ದಾದ್ದರಿಂದ, ಏರುವ ಅಂಚಿನ ಬದಲು ಇಳಿಯುವ ಅಂಚನ್ನು ಹಿಡಿದು ಆ 100ನ್ನು ಲೆಕ್ಕದಲ್ಲಿ ಕಳೆದೆ. ಈಗ ಇವೆರಡರ ನಡುವಿನ ವ್ಯತ್ಯಾಸ ಒಂದು ಮೈಕ್ರೋಸೆಕೆಂಡ್ ಮೀರುವುದು ಅಪರೂಪ.

ದಿನ 66

ನೆಟ್‌ವರ್ಕ್‌ನ ಕಡೆಗೆ ಈಗಷ್ಟೇ ಬಂದಿದ್ದೇನೆ. ತಂತಿಯಿಂದ ಜೋಡಿಸಿದ ಕಂಪ್ಯೂಟರ್ ಸರ್ವರ್‌ನಿಂದ 20ರಿಂದ 40 ಮೈಕ್ರೋಸೆಕೆಂಡ್‌ನೊಳಗೆ ನಿಲ್ಲುತ್ತದೆ. ವೈಫೈನಲ್ಲಿರುವ ಲ್ಯಾಪ್‌ಟಾಪ್ ಮಾತ್ರ ಮಿಲಿಸೆಕೆಂಡ್‌ಗಳಲ್ಲೇ ತೂಗಾಡುತ್ತಿದೆ. ಹೋಗುವ ದಾರಿಗೂ ಬರುವ ದಾರಿಗೂ ಸಮಾನ ಹೊತ್ತು ಹಿಡಿಯುತ್ತದೆಂದು ನೆಟ್‌ವರ್ಕ್‌ನಲ್ಲಿ ಸಮಯ ಹಂಚುವ ವಿಧಾನವಾದ ಎನ್‌ಟಿಪಿ ನಂಬಿಕೊಂಡಿದೆ. ಒಂದು ದಿಕ್ಕಿನಲ್ಲಿ ಹೆಚ್ಚು ತಡವಾದರೆ ಆ ವ್ಯತ್ಯಾಸದ ಅರ್ಧದಷ್ಟು ತಪ್ಪು ಗಡಿಯಾರಕ್ಕೆ ಬರುತ್ತದೆ. ವಿದ್ಯುತ್ ಉಳಿಸಲು ರೇಡಿಯೋ ನಡುನಡುವೆ ನಿದ್ರಿಸುವ ಲ್ಯಾಪ್‌ಟಾಪ್‌ನಲ್ಲಿ ಬರುವ ದಾರಿಯೇ ಉದ್ದವಾಗುತ್ತದೆ. ಆ ನಿದ್ರೆಯನ್ನು ನಿಲ್ಲಿಸಿ ಇಂದು ರಾತ್ರಿಯಿಂದ ಅಳತೆ ಆರಂಭಿಸಿದ್ದೇನೆ. ಹಳೆಯ ಮಾಡ್ಯೂಲ್‌ನ ಸಂಜೆಯ ವಿರಾಮ ಇಷ್ಟರಲ್ಲಿ ಮಧ್ಯಾಹ್ನಕ್ಕೆ ಸರಿದಿದೆ. ಇಂದು 2:15ಕ್ಕೆ ನಿಂತಿತ್ತು.